ಅಹವಾಲಿನಿಂದ ಅಧಿಕಾರಕ್ಕೆ



ಪ್ರಜಾಪ್ರಭುತ್ವದ ಮಾತು ಬಂದಾಗ ನಾವು ಸಂಸತ್ತಿನಿಂದ ಶುರುಮಾಡುವುದು ರೂಢಿ. ಇವತ್ತು ನಾನು ಗ್ರಾಮಸಭೆಯಿಂದ ಶುರುಮಾಡುತ್ತೇನೆ. ಬೆರಳಿನ ಶಾಯಿ ಮಾಸಿದ ಮೇಲೂ ಮತದಾರನಿಗೆ ಆಡಳಿತದಲ್ಲಿ ಪಾಲು ಇದೆಯೇ ಇಲ್ಲವೇ ಎಂಬುದು ಅಲ್ಲೇ ಗೊತ್ತಾಗುವುದು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ದಸರೆಯ ಸಮಯ, 144 ಜನ ಪ್ರತಿನಿಧಿಗಳು, ಹೆಚ್ಚಿನವರು ಜಮೀನುದಾರರು, ವರ್ತಕರು. ದಿವಾನರು ಸರ್ಕಾರದ ಆಯವ್ಯಯವನ್ನು ಅವರ ಮುಂದೆ ಓದಿದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ತೀರ್ಮಾನ ಮಾಡುವಂತಿರಲಿಲ್ಲ. ಕೆರೆ ಒಡೆದದ್ದನ್ನು, ರಸ್ತೆ ಕೆಟ್ಟದ್ದನ್ನು ಅರಿಕೆ ಮಾಡಿಕೊಂಡು ಊರಿಗೆ ಮರಳಬೇಕಿತ್ತು.

ಅಹವಾಲಿನಿಂದ ಅಧಿಕಾರಕ್ಕೆ ಬರಲು ನಮಗೆ ನೂರು ವರ್ಷ ಬೇಕಾಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ಹುಟ್ಟುಹಾಕಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ತಂದರು. ಸಂವಿಧಾನದಲ್ಲಿ ಅಂಥ ಮಾತು ಇನ್ನೂ ಬಂದಿರಲಿಲ್ಲ. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಅವರು ಊರಿಗೆ ತಂದ ಅಧಿಕಾರವನ್ನೂ ನಾವು ಅಷ್ಟೇ ಪ್ರೀತಿಯಿಂದ ನೆನೆಯಬೇಕು.

1987ರ ಜನವರಿಯಲ್ಲಿ ಚುನಾವಣೆ ಆಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಬೇರೆ ರಾಜ್ಯಗಳಲ್ಲೂ ಇದೇ ಚಾಳಿ ಇತ್ತು. ಅದನ್ನು ತಡೆಯಲೆಂದೇ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯಬೇಕು ಎಂದು ಬರೆದರು. ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮರುತಿಂಗಳೇ ಕರ್ನಾಟಕ ತನ್ನ ಹೊಸ ಕಾಯ್ದೆಯನ್ನು ಜಾರಿಗೆ ತಂದಿತು. ಅಂಥ ರಾಜ್ಯದಲ್ಲಿ ಮುಂದೆ ಏನಾಯಿತು ನೋಡಿ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷದ ಮೇಲೆ ವರ್ಷ ಉರುಳಿದವು, ಚುನಾವಣೆ ಮಾತ್ರ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರಲ್ಲೇ ಮುಗಿದಿತ್ತು. ಅಲ್ಲೂ ಇದೇ ಕಥೆ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಧೋರಣೆ ಬದಲಾಗಲಿಲ್ಲ. ಇದನ್ನು ತಾಂತ್ರಿಕ ವಿಳಂಬ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಇದು ಸಂವಿಧಾನದ ಉಲ್ಲಂಘನೆ.

ಆದರೆ ಸರ್ಕಾರವನ್ನು ದೂರಿ ಸುಮ್ಮನಾಗುವಂತಿಲ್ಲ. ನಮ್ಮ ಕೈಯಲ್ಲೇ ಇರುವ ಗ್ರಾಮಸಭೆ ಹೇಗೆ ನಡೆಯುತ್ತಿದೆ? ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿರುತ್ತಾರೆ. ಹಾಜರಿ ಪುಸ್ತಕ ಬಾಗಿಲಲ್ಲೇ ಇರುತ್ತದೆ. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇದ್ದರೆ ಕೋರಂ. ಸಹಿ ಹಾಕಿ ಕೆಲವರು ಹಾಗೇ ಹೊಲದ ಕಡೆ ಹೊರಡುತ್ತಾರೆ. ನೋಡಲ್ ಅಧಿಕಾರಿ ವೇದಿಕೆಯ ಮೇಲೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕೈಯಲ್ಲಿ ಹಿಂದಿನ ಸಭೆಯ ನಡಾವಳಿ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಬಂದಾಗ ಗದ್ದಲವೋ ಗದ್ದಲ. ಅದು ಮುಗಿದು ಜಮಾಖರ್ಚು ಓದುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ.

ನಾನು ಕುಳಿತಿದ್ದ ಒಂದು ಸಭೆಯಲ್ಲಿ ಹೆಣ್ಣುಮಗಳೊಬ್ಬರು ಎದ್ದು ನಿಂತು, "ನಮ್ಮ ಕೇರಿ ಚರಂಡಿ ಆಗಿದೆ ಅಂತ ಓದಿದ್ರಲ್ಲ ಸ್ವಾಮಿ, ಬನ್ನಿ, ಎಲ್ಲಿದೆ ತೋರಿಸಿ" ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಬ್ಬರು, "ಬಿಲ್ಲು ಯಾವ ತಾರೀಕು ಆಗಿದೆ, ಅದನ್ನೂ ಓದಿ" ಎಂದರು. ಕಡತ ತರಿಸಬೇಕಾಯಿತು, ಸ್ಥಳ ಪರಿಶೀಲನೆ ಆಗಬೇಕೆಂದು ಠರಾವು ಬರೆಯಬೇಕಾಯಿತು. ಆ ತಾಯಿ ಯಾವ ರಾಜ್ಯಶಾಸ್ತ್ರವನ್ನೂ ಓದಿದವರಲ್ಲ. ಆದರೆ ಕಾಯ್ದೆ ತಮಗೆ ಕೊಟ್ಟಿರುವುದನ್ನು ಅವರು ಪೂರ್ತಿಯಾಗಿ ಬಳಸಿದರು. ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಡುವುದು, ಫಲಾನುಭವಿಗಳನ್ನು ಆರಿಸುವುದು, ಖರ್ಚಿನ ಲೆಕ್ಕ ಕೇಳುವುದು ಗ್ರಾಮಸಭೆಯ ಕೆಲಸ. ಅಲ್ಲಿ ಹೋಗಿ ಅರ್ಜಿ ಕೊಟ್ಟು ಕೈಮುಗಿದು ಬರುವವರು 1881ರ ಪ್ರತಿನಿಧಿಗಳ ಜಾಗಕ್ಕೇ ಹಿಂತಿರುಗಿದಂತೆ.

ಪಂಚಾಯತಿಗಳಲ್ಲಿ ಈಗ ಅರ್ಧದಷ್ಟು ಸ್ಥಾನ ಮಹಿಳೆಯರದು. ಸದಸ್ಯೆಯ ಬದಲು ಗಂಡ ಸಭೆಗೆ ಬಂದು ಕೂರುವುದನ್ನು ಕಂಡು ಈ ಮೀಸಲಾತಿಯನ್ನೇ ಹಂಗಿಸುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಗಂಡನನ್ನು ಸಭೆಯಿಂದ ಹೊರಗೆ ಕಳಿಸಿ, ಸದಸ್ಯೆಯನ್ನಲ್ಲ. ಮೊದಲ ವರ್ಷ ಸೆರಗು ಹಿಡಿದು ಮೂಲೆಯಲ್ಲಿ ಕೂತವರು ಮೂರನೇ ವರ್ಷಕ್ಕೆ ಇಂಜಿನಿಯರನ್ನು ಅಂದಾಜು ಪಟ್ಟಿ ತೋರಿಸಿ ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಮಕ್ಕಳ ಗ್ರಾಮಸಭೆಗಳಿಗೂ ಹೋಗಿ ಬನ್ನಿ. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು, ಶೌಚಾಲಯಕ್ಕೆ ನೀರು ಬೇಕು ಎಂದು ಮಕ್ಕಳು ನೇರವಾಗಿ ಕೇಳುತ್ತಾರೆ, ಮುಂದಿನ ವರ್ಷ ನೆನಪಿಟ್ಟುಕೊಂಡು ಮತ್ತೆ ಕೇಳುತ್ತಾರೆ.

ಅಧ್ಯಾಪಕ ಮಿತ್ರರೆ, ಡಿ.ವಿ.ಜಿ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸ್ವಾತಂತ್ರ್ಯ ಬರುವ ಮೊದಲೇ, ಅದನ್ನು ಬಳಸುವ ಶಿಕ್ಷಣ ಜನರಿಗೆ ಬೇಕು ಎಂದು ಅವರಿಗೆ ಅನ್ನಿಸಿತ್ತು. ಆ ಕೆಲಸ ಈಗ ನಮ್ಮ ತರಗತಿಗಳದು. ನಮ್ಮ ವಿದ್ಯಾರ್ಥಿಗಳು 73ನೇ ತಿದ್ದುಪಡಿಯ ಮೇಲೆ ಹತ್ತು ಅಂಕದ ಉತ್ತರ ಬರೆಯುತ್ತಾರೆ, ಆದರೆ ತಮ್ಮ ಪಂಚಾಯತಿಯ ಲೆಕ್ಕ ಪರಿಶೀಲಿಸುವ ಜಮಾಬಂದಿಗೆ ಒಮ್ಮೆಯೂ ಹೋಗಿರುವುದಿಲ್ಲ.

ಈ ಸಮ್ಮೇಳನ ಎರಡು ನಿರ್ಣಯ ಕೈಗೊಳ್ಳಬೇಕೆಂದು ಅಧ್ಯಕ್ಷ ಸ್ಥಾನದಿಂದ ಕೋರುತ್ತೇನೆ. ಜಿಲ್ಲೆ, ತಾಲ್ಲೂಕು, ನಗರ ಎನ್ನದೆ ಎಲ್ಲ ಸ್ಥಳೀಯ ಸಂಸ್ಥೆಗಳ ಚುನಾವಣೆ ಅವಧಿಗೆ ಸರಿಯಾಗಿ ನಡೆಯಲೇಬೇಕೆಂದು ಸರ್ಕಾರಕ್ಕೆ ಲಿಖಿತವಾಗಿ ಒತ್ತಾಯಿಸೋಣ. ಪದವಿ ತರಗತಿಯ ಪ್ರತಿ ರಾಜ್ಯಶಾಸ್ತ್ರ ವಿದ್ಯಾರ್ಥಿಯೂ ವರ್ಷಕ್ಕೆ ಒಂದು ಗ್ರಾಮಸಭೆಯಲ್ಲಿ ಕೊನೆಯವರೆಗೂ ಕುಳಿತು ವರದಿ ಬರೆಯುವುದನ್ನು ಪಠ್ಯದ ಭಾಗವಾಗಿಸಲು ವಿಶ್ವವಿದ್ಯಾಲಯಗಳನ್ನು ಕೇಳೋಣ. ಅದಕ್ಕೂ ಮೊದಲು, ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಿಡಿಒ ಅವರನ್ನು ಕೇಳಿ ತಿಳಿದುಕೊಳ್ಳಿ. ತಪ್ಪದೆ ಹೋಗಿ, ಜಮಾಖರ್ಚು ಓದಿ ಮುಗಿಸುವವರೆಗೂ ಎದ್ದು ಬರಬೇಡಿ.