ರಾಚೋಲಿನ ವಿದ್ಯಾರ್ಥಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಗೋವೆಯ ನೆಲದಲ್ಲಿ ನಿಂತು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಾವು, ಇದೇ ನೆಲದ ಒಬ್ಬ ವಿದ್ಯಾರ್ಥಿಯ ವೃತ್ತಾಂತವನ್ನು ಅರಿತಿರುವುದು ಉಚಿತವೆಂದು ಬಗೆದು ಈ ನಾಲ್ಕು ಮಾತುಗಳನ್ನು ಆಡಲು ಒಪ್ಪಿಕೊಂಡೆವು. ಆ ವಿದ್ಯಾರ್ಥಿ ಆಗ್ನೆಲೊ ಡಿಸೋಜ. ಬಾರ್ದೇಶದ ಅಂಜುನಾ ಗ್ರಾಮದಲ್ಲಿ 1869ರ ಜನವರಿ 21ರಂದು ಜನಿಸಿದವರು. ಅಂಜುನಾ ಎಂದೊಡನೆ ಈಗಿನವರಿಗೆ ಕಡಲತೀರದ ಗದ್ದಲ ನೆನಪಾಗುತ್ತದೆ; ಅಂದು ಅದು ತೆಂಗು, ಗದ್ದೆ, ಇಗರ್ಜಿಯ ಗಂಟೆಗಳ ಹಳ್ಳಿ.

ಪಾದ್ರಿಯಾಗಬೇಕೆಂಬ ಹಂಬಲದಿಂದ ಆ ತರುಣರು ಸಾಷ್ಟಿಯ ರಾಚೋಲ್ ಗುರುಮಠವನ್ನು ಸೇರಿದರು. ಬಾರ್ದೇಶದಿಂದ ಅಲ್ಲಿಗೆ ಹೋಗಲು ಮಾಂಡವಿ, ಜುವಾರಿ ಎಂಬ ಎರಡು ಹೊಳೆಗಳನ್ನು ದೋಣಿಯಲ್ಲಿಯೇ ದಾಟಬೇಕಾಗಿತ್ತು. ಮುರಗಾಂವಿನಿಂದ ಘಟ್ಟದತ್ತ ರೈಲು ಓಡತೊಡಗಿದ್ದೂ ಆ ದಶಕದ ಕೊನೆಯಲ್ಲಿಯೇ. ನಮ್ಮಲ್ಲಿ ಎಷ್ಟೋ ಮನೆತನಗಳನ್ನು ಮುಂದೆ ಇಲ್ಲಿಗೆ ತಂದ ದಾರಿ ಅದು.

ರಾಚೋಲಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1606ರಲ್ಲಿ. ಹಳೆಯ ಕೋಟೆಯ ನಡುವಣ ದಿಬ್ಬದ ಮೇಲೆ ದಪ್ಪ ಗೋಡೆಗಳ ಮಹಾಸೌಧ. ಒಳಗೆ ವಿಶಾಲವಾದ ಅಂಗಳ, ಪಕ್ಕದಲ್ಲಿಯೇ ಸಂತ ಇಗ್ನೇಷಿಯಸರ ಇಗರ್ಜಿ. ಪಾಠದ ಮನೆಗೂ ಪ್ರಾರ್ಥನೆಯ ಮನೆಗೂ ನಡುವೆ ಇದ್ದದ್ದು ಕೆಲವೇ ಹೆಜ್ಜೆಗಳ ಅಂತರ. ಬೆಳಗಿನ ಪೂಜೆ, ಲ್ಯಾಟಿನ್, ತತ್ವಶಾಸ್ತ್ರ, ದೇವಶಾಸ್ತ್ರ, ಸಂಜೆಯ ಜಪ, ಮೌನ. ಇಂಥ ಮಠಗಳ ದಿನಚರಿಯನ್ನು ಗಂಟೆಯೇ ಆಳುತ್ತಿತ್ತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ಮಠದಲ್ಲಿ ಕೊಂಕಣಿ ಆಡುವಂತಿರಲಿಲ್ಲ. ಜನರು ಮೂರು ವರ್ಷಗಳೊಳಗೆ ದೇಶಭಾಷೆಯನ್ನು ತೊರೆದು ಪೋರ್ತುಗೀಜ್ ಕಲಿಯತಕ್ಕದ್ದೆಂದು 1684ರಲ್ಲಿ ವೈಸರಾಯರ ಶಾಸನವಾಯಿತು. ಶಾಲೆಗಳಲ್ಲಿ ಮಕ್ಕಳು ಕೊಂಕಣಿ ನುಡಿಯಬಾರದೆಂದು 1812ರಲ್ಲಿ ಆರ್ಚ್‌ಬಿಷಪ್ಪರ ಆಜ್ಞೆ ಹೊರಟಿತು. 1847ರಲ್ಲಿ ಅದನ್ನೇ ಗುರುಮಠಗಳಿಗೂ ಕಡ್ಡಾಯ ಮಾಡಿದರು. ಇದರ ವಿಪರ್ಯಾಸವನ್ನು ನೋಡಿರಿ. ಇದೇ ರಾಚೋಲಿನಲ್ಲಿ 1616ರಲ್ಲಿ ಥಾಮಸ್ ಸ್ಟೀಫನ್ಸ್ ಪಾದ್ರಿಗಳ ಕ್ರಿಸ್ತಪುರಾಣ ಜನರ ಓವಿಯ ಧಾಟಿಯಲ್ಲಿ ಅಚ್ಚಾಗಿತ್ತು. 1640ರಲ್ಲಿ ಅವರದೇ ಕೊಂಕಣಿ ವ್ಯಾಕರಣ ಹೊರಬಂದಿತ್ತು. ಆ ವ್ಯಾಕರಣದ ಹೆಸರಿನಲ್ಲಿ ಕೊಂಕಣಿಯನ್ನು 'ಕನಾರಿಂ' ಎಂದು ಕರೆದದ್ದನ್ನು ಕಂಡು ನಮ್ಮವರಿಗೆ ನಗು ಬಂದೀತು. ಪೋರ್ತುಗೀಜರಿಗೆ ಕನ್ನಡದ ಹೆಸರೂ ಕೊಂಕಣಿಯ ಹೆಸರೂ ಒಂದೇ ಚೀಲದಲ್ಲಿ ಬಿದ್ದಿದ್ದವು. ನುಡಿಗೆ ಅಚ್ಚಿನ ಮೊಳೆ ಕೊಟ್ಟ ಮನೆಯೇ ಎರಡು ಶತಮಾನಗಳ ತರುವಾಯ ಅದರ ಬಾಯಿ ಕಟ್ಟಿತು.

ತಾಯಿ ಜಪಮಾಲೆಯನ್ನು ಹೇಳಿಕೊಡುವ ಮಾತು ಒಂದು, ಗುರು ಒಪ್ಪುವ ಮಾತು ಇನ್ನೊಂದು ಆದಾಗ ಎಳೆಯನ ಭಕ್ತಿ ಯಾವ ನುಡಿಯಲ್ಲಿ ಅರಳಬೇಕು? ಈ ಪ್ರಶ್ನೆ ಕ್ರೈಸ್ತರದು ಮಾತ್ರವಲ್ಲ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯಾಡುವ ಈ ಸಭೆಯ ಮಕ್ಕಳದೂ ಹೌದು.

ಆಗ್ನೆಲೊ ಇದರ ವಿರುದ್ಧ ದಂಗೆಯೆದ್ದವರಲ್ಲ. ಅವರ ಸ್ವಭಾವ ವಿನಯದ್ದು. 1897ರ ಜುಲೈಯಲ್ಲಿ ಅವರು ಪಿಲಾರಿನ ಸಂತ ಫ್ರಾನ್ಸಿಸ್ ಝೇವಿಯರರ ಧರ್ಮಪ್ರಚಾರಕ ಸಂಘವನ್ನು ಸೇರಿದರು. ನಮ್ಮ ಕಾರವಾರಕ್ಕೆ ಸಮೀಪದ ಕಾಣಕೋಣ ಸೀಮೆಯ ಅಗೊಂದದಲ್ಲಿ 1887ರಲ್ಲಿ ಮೊದಲಾಗಿದ್ದ ಬಡ ಸಂಘವದು. ಪಿಲಾರಿನಲ್ಲಿ ಪಾಪನಿವೇದನೆಗೆ ಬರುತ್ತಿದ್ದವರು ರೈತರು, ಕೂಲಿಕಾರರು. ಅವರೊಡನೆ ಗುರುಮಠದ ಪೋರ್ತುಗೀಜ್ ಏನು ಮಾಡೀತು? ಬಾಯಿ ಕಟ್ಟಿಸಿಕೊಂಡಿದ್ದ ನುಡಿಯೇ ಅಲ್ಲಿ ಕಣ್ಣೀರಿನ ನುಡಿಯಾಯಿತು.

ಅನಂತರ ಅವರು ಶಿರೋಡೆಯಲ್ಲಿಯೂ, ನಮ್ಮ ಕುಮಟೆ, ಶಿರಸಿಗಳಲ್ಲಿಯೂ ಸೇವೆ ಸಲ್ಲಿಸಿದರು. ಉತ್ತರ ಕನ್ನಡ ಆಗ ಆಡಳಿತದಲ್ಲಿ ಮುಂಬಯಿಗೆ, ಇಗರ್ಜಿಯ ಲೆಕ್ಕದಲ್ಲಿ ಗೋವೆಗೆ ಸೇರಿತ್ತು. 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತ ಏರ್ಪಟ್ಟ ಮೇಲೆಯೇ ಆ ನಂಟು ಕಳಚಿದ್ದು. ಘಟ್ಟದ ಮೇಲಿನ ಶಿರಸಿಯಲ್ಲಿ ಇಗರ್ಜಿಯೊಳಗೆ ಕೊಂಕಣಿ, ಹೊರಬಂದರೆ ಪೇಟೆಯ ತುಂಬ ಕನ್ನಡ. ಸರಕಾರಗಳು ಎಳೆದ ಗೆರೆ ಹೀಗೆ ಪಾದ್ರಿಯ ನಡಿಗೆಗೆ ಗೆರೆಯಾಗಲಿಲ್ಲ.

1918ರಲ್ಲಿ ಅವರು ತಾವು ಓದಿದ ರಾಚೋಲಿಗೇ ವಿದ್ಯಾರ್ಥಿಗಳ ಆತ್ಮಗುರುವಾಗಿ ಮರಳಿದರು. ಒಂಬತ್ತು ವರ್ಷ ಎಳೆಯರ ನಡುವೆ ಬಾಳಿ, 1927ರ ನವೆಂಬರ್ 20ರಂದು ಅಲ್ಲಿಯೇ ದೇಹವಿಟ್ಟರು. ಅವರ ಅಸ್ಥಿಗಳನ್ನು 1939ರಲ್ಲಿ ಪಿಲಾರಿಗೆ ತಂದರು. 1986ರಲ್ಲಿ ರೋಮಿನ ಪೋಪರು ಅವರನ್ನು 'ಪೂಜ್ಯ'ರೆಂದು ಸಾರಿದರು. ಮರುವರ್ಷ, 1987ರಲ್ಲಿ, ಕೊಂಕಣಿ ಗೋವೆಯ ರಾಜ್ಯಭಾಷೆಯಾಯಿತು.

ಪಣಜಿಯಿಂದ ಮಡಗಾಂವಿಗೆ ಹೋಗುವಾಗ ಎಡಗಡೆ ಪಿಲಾರಿನ ಗುಡ್ಡ ಕಾಣುತ್ತದೆ. ಅದರ ಬುಡದಲ್ಲಿಯೇ, ಕನ್ನಡದಲ್ಲಿ ಶಾಸನ ಹಾಕಿಸಿದ ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣವಿತ್ತು. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಬಸ್ಸಿನಿಂದ ಅಲ್ಲಿ ಇಳಿದು, ಎರಡನ್ನೂ ತೋರಿಸಿರಿ.