ಹೊಲದ ಜೋಳ, ಸಿನಿಮಾದ ಸಾರು



ನಮ್ಮೂರು ಉಕ್ಕಡಗಾತ್ರಿ. ಹರಿಹರದ ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಹೆಸರು ಕೇಳಿದೊಡನೆ ನಿಮ್ಮಲ್ಲಿ ಅನೇಕರಿಗೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ನೆನಪಾದೀತು; ಅಮಾವಾಸ್ಯೆಯ ಜನಜಂಗುಳಿ ಕಣ್ಣಿಗೆ ಕಟ್ಟೀತು. ಅಂಥ ಊರಿನ ಗೃಹಿಣಿಯೊಬ್ಬಳು ಮೆಕ್ಸಿಕೋ ದೇಶದ ಸಾರಿನ ವಿಷಯ ಮಾತನಾಡಲು ಬಂದಿದ್ದಾಳೆಂದರೆ ನಗು ಬಂದರೂ ತಪ್ಪಲ್ಲ. ನಮ್ಮ ಮನೆಯಲ್ಲಿಯೂ ಎಲ್ಲರೂ ನಕ್ಕರು. ನಗದೆ ಇದ್ದವರು ಒಬ್ಬರೇ, ನಮ್ಮ ಅತ್ತೆ. ಆ ಸಾರು ಮಾಡಿದ್ದೂ ಅವರಿಗಾಗಿಯೇ. ಈ ಮಾತನ್ನು ನಾಲ್ಕು ಜನರ ಮುಂದೆ ಹೇಳಬಹುದೆ ಎಂದು ಕೇಳಿದಾಗ, “ಹೇಳವ್ವಾ, ಯಾರಿಗಾದರೂ ಉಪಯೋಗವಾದೀತು” ಎಂದರು. ಆದುದರಿಂದ ಹೇಳುತ್ತಿದ್ದೇನೆ.

2021ನೆಯ ಇಸವಿಯ ಬೇಸಗೆ ಹೇಗಿತ್ತೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಕೊರೋನಾ ಜ್ವರ ನಮ್ಮ ಮನೆಗೂ ಬಂತು. ಮಾವನವರು ಹೋದರು, ಅತ್ತೆ ಉಳಿದರು. ಉಳಿದರು ಎಂದರೆ ಜೀವ ಉಳಿಯಿತು, ಅಷ್ಟೆ. ಹೋಳಿಗೆಯ ದಿನ ಕಟ್ಟಿನ ಸಾರು ಕುದಿಯುವಾಗ ಹೊರಗಿನ ಜಗಲಿಯಲ್ಲಿ ಕುಳಿತೇ, “ಹುಣಸೆ ಹೆಚ್ಚಾಗಿದೆ, ಬೆಲ್ಲ ಹಾಕು” ಎಂದು ಹೇಳಬಲ್ಲವರು ಅವರು. ಅಂಥವರು ಎರಡು ತುತ್ತಿಗೆ “ಸಾಕವ್ವಾ” ಎಂದು ಏಳತೊಡಗಿದರು. ಉಪ್ಪಿಲ್ಲದ ಪಲ್ಯ ಬಡಿಸಿದರೂ ಮಾತಿಲ್ಲ, ಸೀದ ಅನ್ನ ಬಡಿಸಿದರೂ ಮಾತಿಲ್ಲ. ವರ್ಷ ತುಂಬುವುದರೊಳಗೆ ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದರು.

ಇದಕ್ಕೆ ನಾವು ಕಂಡುಕೊಂಡ ಕಾರಣ ಒಂದೇ: ದುಃಖ. ಮನಸ್ಸಿನ ಬೇನೆ ಹೊತ್ತವರು ಎಲ್ಲೆಲ್ಲಿಂದಲೋ ಅಜ್ಜಯ್ಯನನ್ನು ಅರಸಿಕೊಂಡು ಬರುವ ಊರು ನಮ್ಮದು. ಅಲ್ಲಿಯ ಜನಕ್ಕೆ ಮನಸ್ಸಿನ ನೋವು ಹೊಸದಲ್ಲ. ಅತ್ತೆಯೂ ಗದ್ದುಗೆಯ ಮುಂದೆ ಕುಳಿತು ಬರುತ್ತಿದ್ದರು. “ಮನಸ್ಸು ಹಗುರಾಯಿತು” ಎನ್ನುತ್ತಿದ್ದರು. ಮನಸ್ಸು ಹಗುರಾದ ಮೇಲೂ ಊಟವೇಕೆ ಸೇರುವುದಿಲ್ಲ ಎಂದು ಕೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಆ ಬುದ್ಧಿಯನ್ನು ಕೊಟ್ಟದ್ದು ಒಂದು ಚಲಚ್ಚಿತ್ರ. ಮರುವರ್ಷದ ಮಳೆಗಾಲ. ಹೊಳೆ ತುಂಬಿ ಹರಿಯುತ್ತಿತ್ತು, ಹೊರಗೆ ಹೋಗುವಂತಿರಲಿಲ್ಲ. ರಜೆಗೆ ಬಂದ ಮಗಳು ತನ್ನ ಪೆಟ್ಟಿಗೆಯಂಥ ಯಂತ್ರದಲ್ಲಿ ಒಂದು ಇಂಗ್ಲಿಷ್ ಚಿತ್ರ ಹಾಕಿದಳು. ಅದರ ಹೆಸರು ‘ಟೋರ್ಟಿಯಾ ಸೂಪ್’, 2001ರಲ್ಲಿ ಬಂದದ್ದು, ನಿರ್ದೇಶಕಿ ಮರಿಯಾ ರಿಪೋಲ್. ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ ಮೆಕ್ಸಿಕೋ ಮೂಲದ ಒಬ್ಬ ಬಾಣಸಿಗ, ಅವನ ಮೂವರು ಹೆಣ್ಣುಮಕ್ಕಳು, ಭಾನುವಾರದ ಭಾರಿ ಊಟ: ಇಷ್ಟೇ ಕಥೆಯ ಹಂದರ. ಹೆಕ್ಟರ್ ಎಲಿಜಾಂಡೊ ಎಂಬ ನಟ ಆ ತಂದೆಯಾಗಿದ್ದಾನೆ. ಹೆಂಡತಿಯನ್ನು ಕಳೆದುಕೊಂಡವನು. ಅಷ್ಟು ದೊಡ್ಡ ಬಾಣಸಿಗನಿಗೆ ರುಚಿಯೇ ತಿಳಿಯದು! ತಾನು ಮಾಡಿದ ಅಡುಗೆ ಹೇಗಿದೆಯೆಂದು ಜೊತೆಗಾರನ ನಾಲಿಗೆಯನ್ನು ಕೇಳಬೇಕು. ಈ ಕಥೆ ಮೂಲದಲ್ಲಿ ತೈವಾನಿನದು. ಆಂಗ್ ಲೀ ಎಂಬ ನಿರ್ದೇಶಕ 1994ರಲ್ಲಿ ತೆಗೆದ ಚಿತ್ರವನ್ನೇ ಮೆಕ್ಸಿಕೋ ಅಡುಗೆಗೆ ಒಗ್ಗಿಸಿ ಮತ್ತೆ ತೆಗೆದಿದ್ದಾರೆ. ಆ ಮೂಲಚಿತ್ರದ ಕೊನೆಯಲ್ಲಿ ತಂದೆ ಮಗಳ ಕೈಯ ಸಾರು ಕುಡಿದು, ಶುಂಠಿ ಹೆಚ್ಚಾಯಿತೆಂದು ತಪ್ಪು ಹಿಡಿಯುತ್ತಾನೆ. ತಪ್ಪು ಹಿಡಿದ ಮೇಲಷ್ಟೆ ತನಗೆ ರುಚಿ ಮರಳಿದೆಯೆಂದು ತಿಳಿಯುತ್ತದೆ.

ಚಿತ್ರ ನೋಡುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. ನಮ್ಮ ಅತ್ತೆ ತಪ್ಪು ಹಿಡಿದು ಎಷ್ಟು ದಿನಗಳಾದವು?

ಬೆಳಗ್ಗೆ ಇಂಗಿನ ಡಬ್ಬಿಯನ್ನು ಅವರ ಮೂಗಿನ ಹತ್ತಿರ ಹಿಡಿದು, “ಅತ್ತೆ, ಇದೇನು ಹೇಳಿ?” ಎಂದೆ. ಡಬ್ಬಿಯ ಬಣ್ಣ ನೋಡಿ, “ಇಂಗು” ಎಂದರು. ಕಣ್ಣು ಮುಚ್ಚಿಸಿ ಕಾಫಿಪುಡಿ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣು ತೆರೆಯದೆಯೇ ಹೇಳಿದರು: “ಜ್ವರ ಬಂದಾಗಿನಿಂದ ಏನೂ ಗೊತ್ತಾಗುವುದಿಲ್ಲವ್ವಾ. ಅವರ ಜೊತೆಗೇ ರುಚಿಯೂ ಹೋಯಿತು ಅಂದುಕೊಂಡಿದ್ದೆ. ಹಾಗೇ ಇರಬೇಕೇನೋ ಅಂತ ಯಾರಿಗೂ ಹೇಳಲಿಲ್ಲ.”

ನೋಡಿ, ಒಂದು ವರ್ಷ ನಾವು ದುಃಖವೆಂದು ಕರೆದದ್ದರಲ್ಲಿ ಅರ್ಧ ಮೂಗಿನ ಕಾಯಿಲೆಯಾಗಿತ್ತು.

ದಾವಣಗೆರೆಯ ವೈದ್ಯರೊಬ್ಬರು ವಿವರಿಸಿ ಹೇಳಿದರು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಬೇಳೆಯ ಕಟ್ಟಿನಲ್ಲಿ, ಮಾಗಿದ ಟೊಮೇಟೊದಲ್ಲಿ ಇರುವಂಥ ಒಂದು ತುಂಬು ರುಚಿ, ಇಷ್ಟೇ. ಇದು ಮೆಂತ್ಯ, ಇದು ಜೀರಿಗೆ, ಇದು ತುಪ್ಪ ಎಂದು ಗುರುತಿಸುವುದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದಕ್ಕೇ. ಆ ಜ್ವರದ ನಂತರ ವಾಸನೆ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಅದು ಮರಳಿತು. ಕೆಲವರಿಗೆ ತಡವಾಯಿತು, ಕೆಲವರಿಗೆ ಪೂರ್ತಿ ಮರಳಲಿಲ್ಲ. ಮೂಗಿಗೂ ಸಾಧನೆಯುಂಟು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಬಾರಿ, ಮನಸ್ಸಿಟ್ಟು, ತಿಂಗಳುಗಟ್ಟಲೆ ಮೂಸಬೇಕು. ಜರ್ಮನಿಯ ತಜ್ಞರು 2009ರಲ್ಲಿ ಪ್ರಕಟಿಸಿದ ಕ್ರಮವಿದು. ಅತ್ತೆ ಜಪ ಮಾಡುವಂತೆ ಅದನ್ನು ಹಿಡಿದರು.

ಅಲ್ಲಿಯವರೆಗೆ ಉಣ್ಣುವುದೇನು? ಆಗ ನನಗೆ ಸಿನಿಮಾದ ಸಾರು ನೆನಪಾಯಿತು. ಅದರಲ್ಲಿ ಮೂಗಿನ ಹಂಗಿಲ್ಲದ ಮೂರು ಗುಣಗಳಿವೆ. ಒಂದು, ನಿಂಬೆಯ ಹುಳಿ, ಅದು ನಾಲಿಗೆಯದು. ಎರಡು, ಒಣಮೆಣಸಿನಕಾಯಿಯ ಖಾರ. ಖಾರವು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಿಸಿಯನ್ನು ತಿಳಿಯುವ ನರಗಳೇ ಖಾರವನ್ನೂ ತಿಳಿಯುತ್ತವೆ. ಇದರ ಗುಟ್ಟನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಗೆ 2021ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಮೂರನೆಯದು, ಕರಿದ ರೊಟ್ಟಿಯ ಕರುಮ್ ಕುರುಮ್ ಸದ್ದು. ಅದು ಹಲ್ಲಿನದು, ಕಿವಿಯದು.

ಈಗ ಪಾಕಕ್ಕೆ ಬರೋಣ. ಟೋರ್ಟಿಯಾ ಎಂದರೆ ಮೆಕ್ಕೆಜೋಳದ ತೆಳು ರೊಟ್ಟಿ. ಅದರ ತುಂಡುಗಳನ್ನು ಕರಿದು, ಮೆಣಸಿನಕಾಯಿ ಮತ್ತು ಟೊಮೇಟೊದ ಸಾರು ಸುರಿದು ಕೊಡುವುದೇ ಈ ಸೂಪು. ಅಲ್ಲಿ ಇದಕ್ಕೆ ಕೋಳಿಯ ರಸ ಹಾಕುವುದೇ ವಾಡಿಕೆ. ಕೋಳಿ ನಮ್ಮ ಮನೆಯ ಹೊಸ್ತಿಲು ದಾಟುವಂತಿಲ್ಲ. ತೊಗರಿಬೇಳೆಯ ಕಟ್ಟು ಇರುವಾಗ ಅದರ ಅಗತ್ಯವೂ ಕಾಣಲಿಲ್ಲ. ಅವರು ಹಾಕುವ ಬೆಣ್ಣೆಹಣ್ಣಿಗೆ ಬದಲು ದಾವಣಗೆರೆಯ ಬೆಣ್ಣೆಯೇ ಇತ್ತು. ಇನ್ನು ಮೆಣಸಿನಕಾಯಿ: ಖಾರ ಕಡಿಮೆ, ಬಣ್ಣ ಹೆಚ್ಚು, ನೆನೆಸಿ ಅರೆದರೆ ಗಟ್ಟಿಯಾದ ಕೆಂಪು ಕೊಡುವಂಥದು ಬೇಕು. ಬ್ಯಾಡಗಿ ಮೆಣಸಿನಕಾಯಿಯನ್ನು ಮನೆಯಲ್ಲಿಟ್ಟುಕೊಂಡು ಮೆಕ್ಸಿಕೋದ ಮೆಣಸಿನಕಾಯಿಗೆ ಹಂಬಲಿಸುವುದುಂಟೆ!

ಎಡವಿದ್ದು ರೊಟ್ಟಿಯಲ್ಲಿ. ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು, ಬಿಳಿಜೋಳಕ್ಕೆ ಮಾಡುವಂತೆ ಎಸರಿಟ್ಟು ನಾದಿದೆ. ತಟ್ಟಿದರೆ ಅಂಚು ಬಿರಿಯಿತು. ಹಂಚಿಗೆ ಹಾಕಿದರೆ ನಾಲ್ಕು ಚೂರಾಯಿತು. ಚೂರುಗಳನ್ನೇ ಕರಿದು ಹಾಕಿದೆ. ಸಾರಿನಲ್ಲಿ ಕರಗಿ ಗಂಜಿಯಾಯಿತು. ಮನೆಯವರು ನಕ್ಕದ್ದು ಆ ದಿನವೇ.

ತಪ್ಪು ಎಲ್ಲಿತ್ತೆಂದು ಹುಡುಕಿದಾಗ ಸಿಕ್ಕ ಉತ್ತರ: ಸುಣ್ಣ. ನಾವು ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಮೆಕ್ಸಿಕೋ ಸೀಮೆಯ ಜನ ಮೆಕ್ಕೆಜೋಳವನ್ನು ಹಾಗೆಯೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ಸಿಪ್ಪೆ ಉಜ್ಜಿ ತೊಳೆದು, ಒದ್ದೆಯಾಗಿಯೇ ಅರೆಯುತ್ತಾರೆ. ಹಾಗೆ ಅರೆದ ಹಿಟ್ಟಿಗೆ ಅಂಟು ಬರುತ್ತದೆ. ಇದು ಸಾವಿರಾರು ವರ್ಷಗಳ ಪದ್ಧತಿ.

ಈ ಸುಣ್ಣದ ಹಿಂದೆ ಒಂದು ದೊಡ್ಡ ಪಾಠವಿದೆ. 1492ರಲ್ಲಿ ಕೊಲಂಬಸನು ಅಮೆರಿಕ ಮುಟ್ಟಿದ ಮೇಲೆ ಐರೋಪ್ಯರು ಮೆಕ್ಕೆಜೋಳವನ್ನು ಕೊಂಡೊಯ್ದರು. ಸುಣ್ಣದ ಪದ್ಧತಿಯನ್ನು ಕೊಂಡೊಯ್ಯಲಿಲ್ಲ. ಸ್ಪೇನ್, ಇಟಲಿಗಳಲ್ಲಿ ಅದನ್ನೇ ಉಂಡು ಬದುಕುವ ಬಡವರಿಗೆ ಒಂದು ವಿಚಿತ್ರ ರೋಗ ಅಂಟಿತು. ಬಿಸಿಲು ಬಿದ್ದಲ್ಲಿ ಚರ್ಮ ಒರಟಾಗಿ ಸುಲಿಯುವುದು, ಭೇದಿಯಾಗುವುದು, ಬುದ್ಧಿ ಕೆಡುವುದು. ಅದಕ್ಕೆ ‘ಪೆಲಾಗ್ರ’ ಎಂದು ಹೆಸರು. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕದ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಈ ಜೀವಸತ್ವವೇ ರೋಗಕ್ಕೆ ಮದ್ದೆಂದು ಖಚಿತವಾದದ್ದು 1937ರ ಸುಮಾರಿಗೆ. ಹೈದರಾಬಾದಿನಲ್ಲಿ ಡಾಕ್ಟರ್ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವ ಬಡವರಲ್ಲಿಯೂ ಈ ರೋಗವನ್ನು ಕಂಡು 1960ರಲ್ಲಿ ಬರೆದರು. ರೊಟ್ಟಿಯ ಜೊತೆ ಬೇಳೆ, ಶೇಂಗಾ, ಸೊಪ್ಪು, ಮಜ್ಜಿಗೆ ಇರುವವರು ಹೆದರಬೇಕಾಗಿಲ್ಲ. ಆದರೆ ಕಾಳನ್ನು ಎರವಲು ತಂದವರು ಅದನ್ನು ಉಣ್ಣುವ ವಿವೇಕವನ್ನೂ ಕೇಳಿ ತರಬೇಕಿತ್ತು, ಅಲ್ಲವೆ?

ಹಾಗೆ ನೋಡಿದರೆ ನಮ್ಮ ಕಥೆಯೇನು? ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಸುಗ್ಗಿಯಲ್ಲಿ ರಸ್ತೆಯ ಒಂದು ಬದಿಯುದ್ದಕ್ಕೂ ಹೊಂಬಣ್ಣದ ಕಾಳು ಹರವಿರುತ್ತದೆ. ಅದಷ್ಟೂ ಲಾರಿ ಏರಿ ಹೋಗುತ್ತದೆ, ಕೋಳಿಯ ಆಹಾರಕ್ಕೆ, ಗಂಜಿಪುಡಿಯ ಕಾರ್ಖಾನೆಗೆ. 2018ರಲ್ಲಿ ಅಮೆರಿಕದ ಸೈನಿಕ ಹುಳು ಮೊದಲು ಕಾಣಿಸಿಕೊಂಡದ್ದೂ ನಮ್ಮ ನೆರೆಯ ಶಿವಮೊಗ್ಗದ ಕಡೆಯ ಹೊಲಗಳಲ್ಲೇ. ಆ ದೇಶದ ಬೆಳೆ ಬಂತು, ಬೆಳೆಯ ಹುಳುವೂ ಬಂತು. ಅಡುಗೆ ಮಾತ್ರ ಬರಲಿಲ್ಲ. ಸುಟ್ಟ ತೆನೆಯೊಂದನ್ನು ಬಿಟ್ಟರೆ ಅದು ನಮ್ಮ ಒಲೆಯನ್ನು ಕಾಣುವುದು ಅಪರೂಪ. ಆದರೆ ಅದರ ಒಡಹುಟ್ಟಿದವರನ್ನು ನಾವು ಎಂದೋ ಮನೆಯವರನ್ನಾಗಿ ಮಾಡಿಕೊಂಡಿದ್ದೇವೆ. ಮೆಣಸಿನಕಾಯಿ, ಟೊಮೇಟೊ ಎರಡೂ ಆ ಕಡೆಯವೇ. ಕರಿಮೆಣಸು ಖಾರ ಕೊಡುತ್ತಿದ್ದ ನಾಡಿಗೆ ಬಂದುದರಿಂದ ಇದು ಮೆಣಸಿನ ಕಾಯಿಯಾಯಿತು. ಬದಲಿಗೆ ಹಳೆಯ ಜಗತ್ತಿನ ಕೊತ್ತಂಬರಿಯೂ ನಿಂಬೆಯೂ ಹಡಗು ಹತ್ತಿ ಮೆಕ್ಸಿಕೋಗೆ ಹೋದವು. ಅವಿಲ್ಲದೆ ಇಂದು ಅವರ ಸೂಪು ಮುಗಿಯದು.

ಸೋದರಿಯರೆ, ಮಾಡಿ ನೋಡುವವರಿಗಾಗಿ ಕ್ರಮ ಹೇಳುತ್ತೇನೆ. ಅರ್ಧ ಕಿಲೋ ಒಣ ಮೆಕ್ಕೆಜೋಳ. ಬಿತ್ತನೆಯ ಬೀಜ ಸರ್ವಥಾ ಬೇಡ. ಅದಕ್ಕೆ ವಿಷ ಹಚ್ಚಿರುತ್ತಾರೆ. ಒಂದೂವರೆ ಲೀಟರು ನೀರಿಗೆ 5 ಗ್ರಾಂ ತಿನ್ನುವ ಸುಣ್ಣ ಕದಡಿ, ಸ್ಟೀಲಿನ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ಅಲ್ಯೂಮಿನಿಯಂ ಕೂಡದು. ರಾತ್ರಿ ಬಿಟ್ಟು, ಬೆಳಗ್ಗೆ ನಾಲ್ಕೈದು ನೀರಿನಲ್ಲಿ ತಿಕ್ಕಿ ತೊಳೆದು, ಗಟ್ಟಿಯಾಗಿ ಅರೆದು, ತೆಳ್ಳಗೆ ತಟ್ಟಿ ಬೇಯಿಸಿ. ಆರಿದ ಮೇಲೆ ಬೆರಳುದ್ದ ಕತ್ತರಿಸಿ ಕರಿಯಿರಿ. ನಾಲ್ಕು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಹುರಿದು, ಬಿಸಿನೀರಿನಲ್ಲಿ ನೆನೆಸಿ. ನಾಲ್ಕು ಟೊಮೇಟೊ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಹಂಚಿನ ಮೇಲೆ ಕಪ್ಪಾಗುವಂತೆ ಸುಟ್ಟು, ಮೆಣಸಿನಕಾಯಿಯೊಡನೆ ಅರೆಯಿರಿ. ಎರಡು ಚಮಚ ಎಣ್ಣೆಯಲ್ಲಿ ಬಣ್ಣ ತಿರುಗುವವರೆಗೆ ಬಾಡಿಸಿ, ಒಂದು ಲೀಟರು ಬೇಳೆಕಟ್ಟು, ಉಪ್ಪು ಹಾಕಿ ಕಾಲು ಗಂಟೆ ಕುದಿಸಿ. ಬಟ್ಟಲಿನಲ್ಲಿ ರೊಟ್ಟಿ ಚೂರು, ಮೇಲೆ ಸಾರು, ನಿಂಬೆರಸ, ಕೊತ್ತಂಬರಿ, ಒಂದಿಷ್ಟು ಬೆಣ್ಣೆ. ಕೂಡಲೇ ಉಣ್ಣಬೇಕು.

ಎರಡನೆಯ ಸಲ ಜೋಳ ಕುದಿಯುವಾಗ ಅತ್ತೆ ಒಲೆಯ ಹತ್ತಿರ ಬಂದು ಬಗ್ಗಿ ನೋಡಿದರು. “ಇದೇನವ್ವಾ, ಜೋಳಕ್ಕೆ ಸುಣ್ಣ ಹಾಕ್ತೀಯಾ? ಗೋಡೆಗೆ ಬಳಿಯುತ್ತೀಯೋ?” ಎಂದರು. ಆದರೂ ಹೋಗಲಿಲ್ಲ. ಮಣೆ ಎಳೆದುಕೊಂಡು ಕುಳಿತು, ತಾವೇ ರೊಟ್ಟಿ ತಟ್ಟಿದರು. ನನ್ನ ಕೈಯಲ್ಲಿ ಬಿರಿಯುತ್ತಿದ್ದುದು ಅವರ ಕೈಯಲ್ಲಿ ದುಂಡಗಾಯಿತು.

ಬಟ್ಟಲು ಕೊಟ್ಟೆ. ಮೊದಲು ಕೇಳಿದ್ದು ಹಲ್ಲಿನ ಸದ್ದು. ಆಮೇಲೆ ಹಣೆಯ ಮೇಲೆ ಸಣ್ಣ ಬೆವರು. ಯಾರೂ ಮಾತನಾಡಲಿಲ್ಲ. ಬಟ್ಟಲು ಅರ್ಧವಾದಾಗ ತಲೆಯೆತ್ತಿ, “ನಿಂಬೆಹುಳಿ ಸಾಲದು” ಎಂದರು.

ನಾನು ಒಳಗೆ ಹೋಗಿ ನಿಂಬೆಹಣ್ಣು ತರುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತೇ ಹಿಡಿಯಿತೆಂದು ಹೇಳಬೇಕು.

ಪವಾಡವಾಯಿತೆಂದು ನಾನು ಹೇಳುವುದಿಲ್ಲ. ಅವರಿಗೆ ತಿಳಿದದ್ದು ಹುಳಿ, ಖಾರ, ಸದ್ದು, ಇಷ್ಟೇ. ಕೊತ್ತಂಬರಿಯ ವಾಸನೆ ಆ ದಿನ ತಿಳಿಯಲಿಲ್ಲ. ಆದರೆ ಎರಡನೆಯ ಬಟ್ಟಲು ಕೇಳಿದರು. ಅಂದಿನಿಂದ ಎಲ್ಲ ಅಡುಗೆಯಲ್ಲಿಯೂ ಏನಾದರೊಂದು ಕರುಮ್ ಎನ್ನುವಂಥದನ್ನೂ, ಏನಾದರೊಂದು ಹುಳಿಯನ್ನೂ ಇಟ್ಟೆವು. ಲವಂಗದ ವಾಸನೆ ಮಂಜಿನಾಚೆಯಿಂದ ಬಂದಂತೆ ಬರುತ್ತದೆಂದು ಎಷ್ಟೋ ತಿಂಗಳ ಮೇಲೆ ಹೇಳಿದರು. ಇಂಗು ಇನ್ನೂ ಬಂದಿಲ್ಲ. ಬಳೆಗಳು ಮಾತ್ರ ಮತ್ತೆ ಮಣಿಕಟ್ಟಿನಲ್ಲಿ ನಿಂತಿವೆ.

ಶ್ರೋತೃಗಳೆ, ನಿಮ್ಮ ಮನೆಯ ಹಿರಿಯರು ತಟ್ಟೆಯನ್ನು ಸರಿಸಿ ಎದ್ದರೆ, ವಯಸ್ಸಾಯಿತು, ದುಃಖ, ಹಟ ಎಂದು ಹೆಸರಿಡುವ ಮುನ್ನ ಒಂದು ಇಂಗಿನ ಡಬ್ಬಿ ಹಿಡಿದು ನೋಡಿ. ಹಾಲು ಸೀದದ್ದು, ಅನಿಲ ಸೋರಿದ್ದು ತಿಳಿಯದೆ ಇರುವುದು ಅಪಾಯವೂ ಹೌದು, ವೈದ್ಯರಿಗೆ ತೋರಿಸಿ. ಅವರು ನಿಮ್ಮ ಅಡುಗೆಯಲ್ಲಿ ತಪ್ಪು ಹಿಡಿದರೆ ಮುನಿಯಬೇಡಿ. ಮನೆಯಲ್ಲಿ ತಪ್ಪು ಹಿಡಿಯುವವರಿದ್ದಾರೆ ಎಂಬುದು ಸಣ್ಣ ಭಾಗ್ಯವಲ್ಲ.