ಆ್ಯಪ್‌ಗಿಂತ ಮೊದಲು ಒಂದು ವಹಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನ ಸಭೆಯಲ್ಲಿ ಒಂದು ಸೂಚನೆ ಬಂದಿದೆ. ಟ್ರ್ಯಾಕ್ಟರ್, ಕೂರಿಗೆ, ರಾಶಿ ಮಷಿನ್ ಬೇಕಾದ ರೈತರನ್ನೂ ಅವುಗಳ ಮಾಲೀಕರನ್ನೂ ಜೋಡಿಸುವ ಒಂದು ಮೊಬೈಲ್ ಆ್ಯಪ್ ಮಾಡಬೇಕು, ಅದಕ್ಕೆ ನಮ್ಮ ಸಂಘದ ನಿಧಿಯಿಂದ ಹಣ ಕೊಡಬೇಕು ಎಂದು. "ನೀ ಬಿ.ಇ. ಓದಿದಾಂವ, ನೀನ ಮಾಡಿಕೊಡು" ಎಂದರು. ಮಾಡಿಕೊಡಲು ನಾನು ಸಿದ್ಧ. ಆದರೆ ಅದೇ ನಿಧಿಯಿಂದ ಶಾಲೆಯ ವಿಜ್ಞಾನ ಪ್ರಯೋಗಾಲಯಕ್ಕೆ ಸಾಮಾನು ತರುವ ಮಾತೂ ಇದೆ. ಎರಡಕ್ಕೂ ಸಾಲುವಷ್ಟು ಹಣ ಇಲ್ಲ. ಆದ್ದರಿಂದ ಆ್ಯಪ್ ನಡೆಯುತ್ತದೋ ಇಲ್ಲವೋ ಎಂಬುದನ್ನು ದುಡ್ಡು ಸುರಿಯುವ ಮೊದಲೇ ತಿಳಿಯುವುದು ಹೇಗೆ ಎಂದು ಎರಡು ಮಾತು ಹೇಳುತ್ತೇನೆ.

ಎಲ್ಲರಿಗೂ ಮೊದಲು ಹೊಳೆಯುವುದು ಜನರನ್ನು ಕೇಳುವುದು. ನಮ್ಮ ಸೀಮೆಯಲ್ಲಿ ಇದು ಅಷ್ಟು ಉಪಯೋಗವಿಲ್ಲ. ಮನೆಗೆ ಹೋಗಿ "ಹಿಂಗೊಂದು ಆ್ಯಪ್ ಮಾಡಾಕತ್ತೀವಿ, ಹೆಂಗೈತ್ರಿ?" ಅಂದರೆ ಚಹಾ ಕೊಟ್ಟು "ಭಾಳ ಛಲೋ ಐತಿ" ಎನ್ನುತ್ತಾರೆ. ಊರ ಹುಡುಗನ ಮನಸ್ಸು ಯಾರು ನೋಯಿಸುತ್ತಾರೆ? ಕೇಳುವುದಿದ್ದರೆ ಹಿಂದಿನದನ್ನು ಕೇಳಬೇಕು: ಹೋದ ವರ್ಷ ಕಡಲೆ ರಾಶಿಗೆ ಮಷಿನ್ ಹೇಗೆ ಸಿಕ್ಕಿತು, ಎಷ್ಟು ದಿನ ಕಾದಿರಿ, ಎಷ್ಟು ಕೊಟ್ಟಿರಿ, ಉದ್ರಿಯೋ ರೊಕ್ಕವೋ?

ಎರಡನೆಯ ದಾರಿ, ಉಪಯೋಗಿಸಿದಂತೆ ಮಾಡಿ ನೋಡುವುದು. ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ 1996ರಲ್ಲಿ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಯಂತ್ರ ತಯಾರಾಗುವ ಮೊದಲೇ ಅದೇ ಅಳತೆಯ ಕಟ್ಟಿಗೆಯ ತುಂಡೊಂದನ್ನು ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಕಟ್ಟಿಗೆ ತೆಗೆದು ಅದರ ಮೇಲೆ ಬರೆದಂತೆ ಮಾಡುತ್ತಿದ್ದರು. ನಮ್ಮೂರ ಬಡಿಗೇರರು ಅರ್ಧ ತಾಸಿನಲ್ಲಿ ಮಾಡಿಕೊಡುವ ವಸ್ತು ಅದು. ಆದರೆ ಅದರಿಂದ ತಿಳಿಯುವುದು ಅಳತೆ, ಬಳಕೆ ಮಾತ್ರ. ನಾಲ್ಕು ಜನ ಮಾಲೀಕರು ಒಪ್ಪುತ್ತಾರೋ ಇಲ್ಲವೋ ತಿಳಿಯುವುದಿಲ್ಲ.

ನಮ್ಮ ಕೆಲಸಕ್ಕೆ ಹತ್ತಿರವಾದ ಉದಾಹರಣೆ ಬೆಂಗಳೂರಿನ ರೆಡ್‌ಬಸ್. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಫಣೀಂದ್ರ ಸಾಮಾ ಎಂಬ ತರುಣ ಇಂಜಿನಿಯರ್ ಬೆಂಗಳೂರಿನಲ್ಲೇ ಉಳಿದರು. ಯಾವುದೋ ಬಸ್ಸಿನಲ್ಲಿ ಸೀಟು ಇದ್ದಿರಬಹುದು, ಆದರೆ ಯಾವುದರಲ್ಲಿ ಎಂದು ತಿಳಿಯುವ ದಾರಿ ಇರಲಿಲ್ಲ. ಗೆಳೆಯರೊಂದಿಗೆ ಸೇರಿ ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಮಾಡಿದರು. ಮಾಲೀಕರು ಆಸಕ್ತಿ ತೋರಲಿಲ್ಲ. ಆಗ ಅವರು ದಾರಿ ಬದಲಿಸಿ, ಕೆಲವು ಸೀಟುಗಳನ್ನು ಕೇಳಿ ಪಡೆದು, 2006ರಲ್ಲಿ ತಾವೇ ಟಿಕೆಟ್ ಮಾರಲು ನಿಂತರು. ಐಟಿ ಕಂಪನಿಗಳ ಗೇಟಿನ ಮುಂದೆ ಕಾರ್ಡು ಹಂಚಿದರು. ಸಾಫ್ಟ್‌ವೇರ್ ಬೇಡ ಎಂದವರು ತುಂಬಿದ ಸೀಟು ಬೇಡ ಎನ್ನಲಿಲ್ಲ. 2013ರಲ್ಲಿ ಆ ಕಂಪನಿಯನ್ನು ಇಬಿಬೋ ಸಮೂಹ ಕೊಂಡುಕೊಂಡಿತು.

ನಮ್ಮ ಟ್ರ್ಯಾಕ್ಟರಿನ ಕಥೆಯೂ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬಸ್ಸುಗಳು ವರ್ಷವಿಡೀ ಓಡುತ್ತವೆ. ನಮ್ಮ ಎರೆ ಭೂಮಿಯಲ್ಲಿ ಹದ ಬಂತೆಂದರೆ ಎಲ್ಲರಿಗೂ ಅದೇ ವಾರದಲ್ಲಿ ಕೂರಿಗೆ ಬೇಕು. ಹಿಂಗಾರಿ ಕಡಲೆ, ಜೋಳ ಬಂದಾಗ ಎಲ್ಲರಿಗೂ ಒಟ್ಟಿಗೇ ಮಷಿನ್ ಬೇಕು. ಮಷಿನ್ ಎಲ್ಲಿದೆ ಎಂದು ಗೊತ್ತಿಲ್ಲದೆ ತೊಂದರೆ ಆಗುತ್ತಿದ್ದರೆ ಆ್ಯಪ್ ನೆರವಾಗುತ್ತದೆ. ಮಷಿನ್ನೇ ಕಡಿಮೆ ಇದ್ದರೆ ಆ್ಯಪ್ ಏನು ಮಾಡೀತು? ಮಲಪ್ರಭೆ ದಂಡೆಯ ಕಬ್ಬಿನವರ ಲೆಕ್ಕ ಮತ್ತೆ ಬೇರೆ. ಇನ್ನು 2014-15ರಿಂದ ಹೋಬಳಿ ಮಟ್ಟದಲ್ಲಿ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳ ಯೋಜನೆ ಇದೆ. ಅದು ಇದ್ದೂ ಜನ ಪಕ್ಕದ ಮನೆಯ ಟ್ರ್ಯಾಕ್ಟರಿಗೇ ಏಕೆ ಹೋಗುತ್ತಾರೆ? ಉದ್ರಿಗಾಗಿಯೋ, ಪರಿಚಯಕ್ಕಾಗಿಯೋ? ಇದು ತಿಳಿಯದೆ ಒಂದು ಸಾಲು ಕೋಡ್ ಬರೆಯುವುದೂ ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ನನ್ನ ಸೂಚನೆ ಇದು. ಬರುವ ಹಿಂಗಾರಿ ರಾಶಿಯ ಎರಡು ತಿಂಗಳು ಆ್ಯಪ್ ಬೇಡ. ಒಂದು ಫೋನ್ ನಂಬರ್, ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ವಹಿ ಸಾಕು. ಹತ್ತು ಜನ ಮಾಲೀಕರ ಒಪ್ಪಿಗೆ ತಗೊಳ್ಳೋಣ. ಫೋನ್ ಬಂದಾಗ ಊರಲ್ಲಿರುವ ನಮ್ಮ ಇಬ್ಬರು ಗೆಳೆಯರು ವಹಿಯಲ್ಲಿ ಬರೆದುಕೊಂಡು, ಮಾಲೀಕರಿಗೆ ಹೇಳಿ, ಮಷಿನ್ ಕಳಿಸಲಿ. ಆ್ಯಪ್ ಮಾಡಬೇಕಾದ ಕೆಲಸವನ್ನೆಲ್ಲ ಕೈಯಿಂದಲೇ ಮಾಡುವುದು. ರೈತರಿಂದ ನೂರು ರೂಪಾಯಿ ಮುಂಗಡ ತಗೊಳ್ಳೋಣ, ಬಾಡಿಗೆಯಲ್ಲಿ ಮುರಿದುಕೊಳ್ಳೋಣ. "ಛಲೋ ಐತಿ" ಎನ್ನುವುದಕ್ಕೆ ಖರ್ಚಿಲ್ಲ; ನೂರು ರೂಪಾಯಿ ಕೊಡುವವನಿಗೆ ನಿಜವಾಗಿ ಬೇಕಾಗಿರುತ್ತದೆ.

ವಹಿಯಲ್ಲಿ ಮೂರು ವಿಷಯ ತಪ್ಪದೆ ಬರೆಯಬೇಕು: ಎಷ್ಟು ಜನ ಕೇಳಿದರು, ಎಷ್ಟು ಜನರಿಗೆ ಸಿಕ್ಕಿತು, ಸಿಗದವರಿಗೆ ಏಕೆ ಸಿಗಲಿಲ್ಲ. ಮೂರನೆಯದೇ ಮುಖ್ಯ. ಎಷ್ಟಾದರೆ ಮುಂದುವರಿಯುವುದು ಎಂದು ಇವತ್ತೇ ಗೊತ್ತುಪಡಿಸಿ ಠರಾವಿನಲ್ಲಿ ಬರೆಯೋಣ. ಆಮೇಲೆ ಬರೆದರೆ ಬಂದ ಅಂಕಿಯನ್ನೇ ಸಾಕು ಎನ್ನುವ ಆಸೆ ಹುಟ್ಟುತ್ತದೆ. ನನ್ನ ಲೆಕ್ಕದಲ್ಲಿ ಮುಂಗಡ ಕೊಟ್ಟ ಐವತ್ತು ಕರೆಗಳು, ಅದರಲ್ಲಿ ಮೂವತ್ತು ಜನರಿಗಾದರೂ ನಮ್ಮಿಂದ ಮಷಿನ್ ಸಿಗಬೇಕು. ಅಷ್ಟಾದರೆ ಆ್ಯಪನ್ನು ನಾನು ಸಂಬಳವಿಲ್ಲದೆ ಬರೆಯುತ್ತೇನೆ, ಸರ್ವರ್ ಖರ್ಚು ಮಾತ್ರ ಸಂಘದ್ದು. ಆಗದಿದ್ದರೆ ಆ ಹಣ ಯುಗಾದಿಯೊಳಗೆ ಪ್ರಯೋಗಾಲಯಕ್ಕೆ ಹೋಗಲಿ. ವಹಿಯನ್ನು ನಾನೇ ತಂದಿದ್ದೇನೆ. ಹೆಸರು ಕೊಡುವ ಮಾಲೀಕರು ಊಟವಾದ ಮೇಲೆ ಎಂಟನೇ ವರ್ಗದ ಕೋಣೆಗೆ ಬರಬೇಕು.